ಹೋಬಳಿಯಿಂದ ಪರದೆಗೆ: ಟ್ಯಾಬುಗಳೊಳಗಿನ ಪರದೆಗಳ ಕ್ರಮವನ್ನು ಕುರಿತು

ಮೊಬೈಲ್ ಫೋನಿನ ಆ್ಯಪುಗಳಲ್ಲಿ ಕೆಳ ಅಂಚಿನಲ್ಲಿ ಮೂರು ನಾಲ್ಕು ಟ್ಯಾಬುಗಳಿರುವುದನ್ನೂ, ಒಂದೊಂದು ಟ್ಯಾಬಿನಲ್ಲಿ ಪರದೆಯೊಳಗೆ ಪರದೆ ತೆರೆಯುತ್ತ ಹೋಗುವುದನ್ನೂ ವಾಚಕರು ಬಲ್ಲರು. ಈ ಒಳಪರದೆಗಳನ್ನು ಯಾವ ಕ್ರಮದಲ್ಲಿರಿಸಬೇಕು, ಹಿಂದಿರುಗುವವನು ಎಲ್ಲಿಗೆ ಬಂದು ಸೇರಬೇಕು ಎಂಬುದು ಕೇವಲ ಯಂತ್ರಜ್ಞರ ಪ್ರಶ್ನೆಯೆಂದು ಸಾಮಾನ್ಯವಾಗಿ ಭಾವಿಸಲಾಗಿದೆ. ಅದು ನಮ್ಮ ಆಡಳಿತದ ಚರಿತ್ರೆಗೂ ಸೇರಿದ ಪ್ರಶ್ನೆಯೆಂಬುದನ್ನು ತುಮಕೂರು, ಗುಬ್ಬಿ, ಕುಣಿಗಲ್ಲುಗಳ ನಿದರ್ಶನದಿಂದ ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಭೂದಾಖಲೆಯ ಕ್ರಮವನ್ನು ನೋಡೋಣ. ಮೈಸೂರು ಸಂಸ್ಥಾನದಲ್ಲಿ ರೆವಿನ್ಯೂ ಸರ್ವೆ ಆರಂಭವಾದುದು 1863ರಲ್ಲಿ. ಅಳತೆಯಾದ ಪ್ರತಿಯೊಂದು ಭೂಮಿಗೂ ಸರ್ವೆ ನಂಬರು ದೊರೆಯಿತು. ಆದರೆ ಈ ನಂಬರುಗಳು ಪ್ರತಿ ಗ್ರಾಮದಲ್ಲಿಯೂ ಒಂದರಿಂದಲೇ ಮೊದಲಾಗುತ್ತವೆ. ಆದುದರಿಂದ 'ಸರ್ವೆ ನಂಬರು 12' ಎಂದಷ್ಟೇ ಹೇಳಿದರೆ ಯಾವ ಭೂಮಿಯೂ ಗೊತ್ತಾಗದು. 'ಹೊಸಹಳ್ಳಿ' ಎಂದು ಸೇರಿಸಿದರೂ ಸಾಲದು, ಆ ಹೆಸರಿನ ಊರುಗಳು ನಾಡಿನಲ್ಲಿ ಹಲವು. ಗುಬ್ಬಿ ತಾಲೂಕಿನ ಕಡಬವೋ ನಿಟ್ಟೂರೋ, ಕುಣಿಗಲ್ ತಾಲೂಕಿನ ಅಮೃತೂರೋ ಹುಲಿಯೂರುದುರ್ಗವೋ, ಹೀಗೆ ಹೋಬಳಿಯನ್ನು ಹೇಳಿದಾಗಲೇ ಆ ಮಾತಿಗೆ ಅರ್ಥ ಬರುತ್ತದೆ. ಈ ಮೆಟ್ಟಿಲುಗಳನ್ನು ಹಿಂದೆ ಶಾನುಭೋಗರು ಬಾಯಿಪಾಠವಾಗಿ ಬಲ್ಲವರಾಗಿದ್ದರು. ಗ್ರಾಮಾಧಿಕಾರಗಳ ರದ್ದಿಯಾತಿಗಾಗಿ 1961ರಲ್ಲಿ ಆದ ಕಾಯಿದೆ 1963ರಲ್ಲಿ ಜಾರಿಗೆ ಬಂದು, ವಂಶಪಾರಂಪರ್ಯದ ಶಾನುಭೋಗಿಕೆ ಕೊನೆಗೊಂಡಿತು. 2000ದ ಸುಮಾರಿಗೆ 'ಭೂಮಿ' ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಶಾನುಭೋಗರ ನೆನಪಿನಲ್ಲಿದ್ದ ಮೆಟ್ಟಿಲುಗಳು ಆಗ ಪರದೆಯ ಮೇಲೆ ಬಂದವು: ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಸುರ್ನೋಕು, ಹಿಸ್ಸಾ.

ಇನ್ನು ಯಂತ್ರದ ಕಡೆಯ ಚರಿತ್ರೆ. ಒಂದರ ಮೇಲೊಂದು ಕಡತವನ್ನಿರಿಸಿ, ಕೊನೆಗೆ ಇಟ್ಟುದನ್ನೇ ಮೊದಲು ತೆಗೆಯುವ ಗುಮಾಸ್ತೆಯ ಕ್ರಮಕ್ಕೆ ಗಣಕಶಾಸ್ತ್ರದಲ್ಲಿ ಸ್ಟ್ಯಾಕ್ ಎಂದು ಹೆಸರು. 1946ರ ವೇಳೆಗೆ ಅಲನ್ ಟ್ಯೂರಿಂಗ್ ಇದನ್ನು ಹೂಳುವುದು, ಹೊರತೆಗೆಯುವುದು ಎಂಬ ಮಾತುಗಳಲ್ಲಿ ಸೂಚಿಸಿದ್ದನು. 1957ರಲ್ಲಿ ಜರ್ಮನಿಯ ಬಾವರ್ ಮತ್ತು ಸಾಮೆಲ್‌ಸನ್ ಇದಕ್ಕೆ ಪೇಟೆಂಟನ್ನು ಕೋರಿದರು. ಟ್ಯಾಬು ಇನ್ನೂ ಹಳೆಯದು. ಸೂಚಿಪತ್ರದ ಕಾರ್ಡುಗಳ ಮೇಲಂಚಿನಲ್ಲಿ ಚಾಚಿಕೊಂಡಿರುವ ತುಣುಕೇ ಅದರ ಮೂಲ. ಈ ಎರಡೂ ಮುಂದೆ ಫೋನಿನಲ್ಲಿ ಕೂಡಿದವು. 2008ರಲ್ಲಿ ಐಫೋನಿನ ಆ್ಯಪು ರಚಿಸುವವರಿಗೆ ದೊರೆತ ಸಲಕರಣೆಗಳಿಂದ ಪ್ರತಿ ಟ್ಯಾಬಿಗೂ ಅದರದೇ ಸ್ಟ್ಯಾಕನ್ನು ಒದಗಿಸಬಹುದಾಗಿತ್ತು. ಅದೇ ವರ್ಷ ಬಂದ ಆಂಡ್ರಾಯ್ಡ್ ಫೋನಿನಲ್ಲಿ ಹಿಂದಕ್ಕೆ ಹೋಗಲು ಪ್ರತ್ಯೇಕ ಕೀಲಿಯೇ ಇತ್ತು. ಬಳಸುವವನು ನಡೆದು ಬಂದ ದಾರಿಯನ್ನು ಅದು ಅನುಸರಿಸುತ್ತಿತ್ತು. ಅಲ್ಲಿ ಟ್ಯಾಬುಗಳ ಸ್ಟ್ಯಾಕುಗಳನ್ನು ಬೇರೆ ಬೇರೆಯಾಗಿ ಕಾಪಾಡುವ ಅನುಕೂಲ ಅಧಿಕೃತ ನ್ಯಾವಿಗೇಶನ್ ಸಲಕರಣೆಯಲ್ಲಿ ಸೇರಿದುದು 2022ರಷ್ಟು ಈಚೆಗೆ.

ಈ ಭೇದದಿಂದ ಆಗುವ ಲಾಭನಷ್ಟಗಳೇನು? ಪಹಣಿ, ನಕ್ಷೆ, ಅರ್ಜಿ ಎಂಬ ಮೂರು ಟ್ಯಾಬುಗಳುಳ್ಳ ಆ್ಯಪೊಂದನ್ನು ಊಹಿಸಿಕೊಳ್ಳೋಣ. ಕಡಬ ಹೋಬಳಿಯ ರೈತಮಹಿಳೆಯೊಬ್ಬಳು ಏಳು ಮೆಟ್ಟಿಲಿಳಿದು ತನ್ನ ಹಿಸ್ಸಾದ ಪಹಣಿಯನ್ನು ತೆರೆದು, ಎಲ್ಲೆಯನ್ನು ನೋಡಲು ನಕ್ಷೆಗೆ ಹೋಗಿ ಮರಳುತ್ತಾಳೆ. ಪಹಣಿಯ ಟ್ಯಾಬು ತನ್ನ ಸ್ಥಾನವನ್ನು ಮರೆತಿದ್ದರೆ ಆಕೆ ಪುನಃ ಜಿಲ್ಲೆಯಿಂದ ತೊಡಗಬೇಕು. ಅವಸರದಲ್ಲಿ ಬೇರೆ ಹೋಬಳಿಯ ಅದೇ ಹೆಸರಿನ ಊರನ್ನು ಒತ್ತಿದರೆ, ಆಕೆಯ ಅರ್ಜಿಯೊಡನೆ ಹೋಗುವುದು ಅನ್ಯರ ಭೂಮಿಯ ಪಹಣಿ.

ಇದಕ್ಕಿಂತಲೂ ಸೂಕ್ಷ್ಮವಾದುದು ಕುಣಿಗಲ್ಲಿನ ಪ್ರಸಂಗ. ಕಂದಾಯದ ಆಡಳಿತದಲ್ಲಿ ಕುಣಿಗಲ್ ತುಮಕೂರು ಜಿಲ್ಲೆಯ ತಾಲೂಕು. ಆದರೆ 2008ರ ಕ್ಷೇತ್ರ ಪುನರ್ವಿಂಗಡಣೆಯ ತರುವಾಯ ಕುಣಿಗಲ್ ವಿಧಾನಸಭಾ ಕ್ಷೇತ್ರವು ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. ಗುಬ್ಬಿಯಾದರೋ ಎರಡು ಲೆಕ್ಕದಲ್ಲಿಯೂ ತುಮಕೂರಿನದೇ. ಒಂದು ಟ್ಯಾಬಿನಲ್ಲಿ ಕಛೇರಿಗಳನ್ನೂ ಇನ್ನೊಂದರಲ್ಲಿ ಜನಪ್ರತಿನಿಧಿಗಳನ್ನೂ ತೋರಿಸುವ ಆ್ಯಪಿನಲ್ಲಿ ಕುಣಿಗಲ್ಲಿನ ಪರದೆಗೆ ಒಂದೇ 'ಮೇಲಿನ ಪರದೆ'ಯನ್ನು ನಿಗದಿಮಾಡಿದರೆ, ಲೋಕಸಭಾ ಕ್ಷೇತ್ರದ ಮಾರ್ಗವಾಗಿ ಬಂದವನು ಹಿಂದಿರುಗುವಾಗ ಜಿಲ್ಲೆಯ ಪರದೆಯಲ್ಲಿ ಬಂದು ನಿಲ್ಲುತ್ತಾನೆ. ತುಮಕೂರು ನಗರದಲ್ಲಿಯೋ ಗುಬ್ಬಿಯಲ್ಲಿಯೋ ಎಷ್ಟು ಪರೀಕ್ಷಿಸಿದರೂ ಈ ದೋಷ ಗೋಚರವಾಗದು. ಕುಣಿಗಲ್ಲಿನವನಿಗೆ ಮೊದಲ ದಿನವೇ ಗೋಚರವಾಗುತ್ತದೆ. ಒಂದೇ ಸ್ಥಳ ಎರಡು ಪರಂಪರೆಗಳಿಗೆ ಸೇರಬಹುದು. ಆದುದರಿಂದ ಪರದೆ ಒಂದೇ ಆಗಿದ್ದರೂ ಅದರ ದಾರಿಯನ್ನು ಆಯಾ ಟ್ಯಾಬಿನ ಸ್ಟ್ಯಾಕೇ ನಿರ್ಣಯಿಸತಕ್ಕುದು.

ಮೂರನೆಯ ಸಂದರ್ಭವೊಂದುಂಟು. 'ದಿಶಾಂಕ್' ಆ್ಯಪಿನಲ್ಲಿ ಹೊಲದಲ್ಲಿ ನಿಂತವನಿಗೆ ನಿಂತ ನೆಲದ ಸರ್ವೆ ನಂಬರು ನೇರವಾಗಿ ದೊರೆಯುತ್ತದೆ. ಅವನು ತಾಲೂಕು, ಹೋಬಳಿಗಳ ಮೆಟ್ಟಿಲುಗಳನ್ನು ಇಳಿದು ಬಂದವನಲ್ಲ. ಇಂಥ ನೇರ ಪ್ರವೇಶವುಳ್ಳ ಕಡೆ, ನಡೆದು ಬಂದ ದಾರಿಯಲ್ಲಿ ಹಿಂದಿರುಗುವುದೂ, ಸ್ಥಾನಕ್ರಮದಲ್ಲಿ ಮೇಲೇರುವುದೂ ಎರಡು ಬೇರೆ ಕಾರ್ಯಗಳೆಂದು ಸ್ಪಷ್ಟವಾಗುತ್ತದೆ. ಮೇಲೇರಬಯಸುವವನಿಗಾಗಿ ಗ್ರಾಮ, ಹೋಬಳಿ, ತಾಲೂಕುಗಳ ಪರದೆಗಳನ್ನು ಆ್ಯಪು ತಾನೇ ಕ್ರಮವಾಗಿ ಸ್ಟ್ಯಾಕಿನ ತಳದಲ್ಲಿ ಜೋಡಿಸಿಕೊಡಬೇಕಾಗುತ್ತದೆ.

ಮೇಲಿನ ವಿವೇಚನೆಯಿಂದ ನಾವು ಹೇಳಬಯಸುವುದಿಷ್ಟು. ಸ್ಥಳದ ಕ್ರಮ ಬೇರೆ, ನಡೆದವನ ಕ್ರಮ ಬೇರೆ. ಮೊದಲನೆಯದನ್ನು ಕಂದಾಯದ ಚರಿತ್ರೆ ನಮಗೆ ಕೊಟ್ಟಿದೆ. ಎರಡನೆಯದನ್ನು ಬಳಸುವವನೇ ನಿರ್ಮಿಸುತ್ತಾನೆ. ಶಾನುಭೋಗರು ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಕೇಳಿದವನಿಗೆ ಉತ್ತರ ಹೇಳುತ್ತಿದ್ದರು. ಆ ಹೊಣೆ ಇಂದು ಪರದೆಯ ಮೇಲೆ ಬಿದ್ದಿದೆ. ಗಣಕಶಾಸ್ತ್ರದ ವಿದ್ಯಾರ್ಥಿಗಳು ತಮ್ಮ ತಾಲೂಕಿನ ಹೋಬಳಿಗಳ ಪಟ್ಟಿಯನ್ನೂ, ಚರಿತ್ರೆಯ ವಿದ್ಯಾರ್ಥಿಗಳು ಸ್ಟ್ಯಾಕಿನ ತತ್ತ್ವವನ್ನೂ ಅರಿತುಕೊಂಡರೆ ಈ ಹೊಣೆಯನ್ನು ಸಮರ್ಪಕವಾಗಿ ನಿರ್ವಹಿಸುವುದು ಸಾಧ್ಯವಾದೀತು.