ವಿಮ್ (ಪಠ್ಯ ಸಂಪಾದಕ)

ವಿಮ್ ಎಂಬುದು ಗಣಕದ ಪ್ರೋಗ್ರಾಮ್‌ಗಳನ್ನು ಬರೆಯಲು ಹಾಗೂ ತಿದ್ದಲು ಬಳಸುವ ಒಂದು ಮುಕ್ತ ತಂತ್ರಾಂಶ. ಬಿಲ್ ಜಾಯ್ ಅವರು 1976ರಲ್ಲಿ ಯುನಿಕ್ಸ್ ವ್ಯವಸ್ಥೆಗಾಗಿ ರಚಿಸಿದ ‘ವಿಐ’ ಸಂಪಾದಕದ ಮಾದರಿಯಲ್ಲಿ ನೆದರ್ಲೆಂಡ್ಸ್‌ನ ಬ್ರಾಮ್ ಮೂಲೆನಾರ್ (1961–2023) ಇದನ್ನು ರೂಪಿಸಿದರು. ಅಮಿಗಾ ಗಣಕಕ್ಕಾಗಿ ಸಿದ್ಧವಾದ ಇದರ ಮೊದಲ ಸಾರ್ವಜನಿಕ ಆವೃತ್ತಿ 1991ರಲ್ಲಿ ಬಿಡುಗಡೆಯಾಯಿತು.

ಬಳಕೆ

ವಿಮ್‌ನಲ್ಲಿ ಆದೇಶ ನೀಡುವ ಸ್ಥಿತಿ ಮತ್ತು ಪಠ್ಯ ಬರೆಯುವ ಸ್ಥಿತಿ ಬೇರೆ ಬೇರೆ. ತೆರೆದ ಕೂಡಲೇ ಕೀಲಿಗಳು ಆದೇಶಗಳಾಗಿ ವರ್ತಿಸುವುದರಿಂದ ಹೊಸಬರಿಗೆ ಗೊಂದಲವಾಗುವುದುಂಟು. ‘ಐ’ ಕೀಲಿಯನ್ನು ಒತ್ತಿ ಬರವಣಿಗೆಯನ್ನು ಆರಂಭಿಸಬಹುದು. ‘ಎಸ್ಕೇಪ್’ ಕೀಲಿಯಿಂದ ಆದೇಶ ಸ್ಥಿತಿಗೆ ಮರಳಬಹುದು. ಆ ಸ್ಥಿತಿಯಲ್ಲಿ ‘ಯು’ ಕೀಲಿಯು ಕೊನೆಯ ಬದಲಾವಣೆಯನ್ನು ರದ್ದುಗೊಳಿಸುತ್ತದೆ. ಕಡತವನ್ನು ಉಳಿಸಿ ಹೊರಬರಲು ಕೋಲನ್, ಡಬ್ಲ್ಯೂ, ಕ್ಯೂ ಕೀಲಿಗಳನ್ನು ಕ್ರಮವಾಗಿ ಒತ್ತಿ, ಬಳಿಕ ‘ಎಂಟರ್’ ಒತ್ತಬೇಕು. ನಡುವೆ ವಿದ್ಯುತ್ ಕಡಿತವಾದರೆ, ವಿಮ್ ತಾನಾಗಿಯೇ ಬರೆದಿಡುವ ‘ಸ್ವಾಪ್’ ಕಡತದಿಂದ ಉಳಿಸದ ಬರಹದ ಬಹುಭಾಗವನ್ನು ‘ರಿಕವರ್’ ಆದೇಶದ ಮೂಲಕ ಮರಳಿ ಪಡೆಯಬಹುದು.

ದತ್ತಿ ಮತ್ತು ಮುಂದುವರಿಕೆ

ವಿಮ್ ಉಚಿತವಾಗಿ ದೊರೆಯುತ್ತದೆ. ಆದರೆ ಇದನ್ನು ಮೆಚ್ಚಿದವರು ಉಗಾಂಡದ ಕಿಬಾಲೆ ಪ್ರದೇಶದ ನಿರ್ಗತಿಕ ಮಕ್ಕಳಿಗೆ ನೆರವಾಗಬೇಕೆಂದು ಮೂಲೆನಾರ್ ಕೋರಿದ್ದರು. 2023ರ ಆಗಸ್ಟ್‌ನಲ್ಲಿ ಅವರು ನಿಧನರಾದ ನಂತರ ಸ್ವಯಂಸೇವಕರು ಅಭಿವೃದ್ಧಿ ಕಾರ್ಯವನ್ನು ಮುಂದುವರಿಸಿದರು. 2024ರ ಜನವರಿಯಲ್ಲಿ ಬಿಡುಗಡೆಯಾದ 9.1 ಆವೃತ್ತಿಯನ್ನು ಅವರ ಸ್ಮರಣೆಗೆ ಅರ್ಪಿಸಲಾಗಿದೆ.