ಕಲ್ಲಿನ ಅಳತೆ, ಮೈಯ ಅಳತೆ

ಹಾನಗಲ್ಲಿನ ತಾರಕೇಶ್ವರ ದೇವಾಲಯದ ಮಂಟಪದಲ್ಲಿ ನಿಂತು ತಲೆಯೆತ್ತಿ ನೋಡಿದವರು, ಛತ್ತಿನಿಂದ ಕೆಳಕ್ಕೆ ಇಳಿಬಿದ್ದ ಕಲ್ಲಿನ ಕಮಲವನ್ನು ಮರೆಯಲಾರರು. ಕಲ್ಲಿನಲ್ಲಿ ಹೂವನ್ನು ಅರಳಿಸಿದ ನಮ್ಮ ಶಿಲ್ಪಿಗಳು ಹೆಣ್ಣಿನ ಮೈಗೂ ಒಂದು ಅಳತೆಯನ್ನು ಇಟ್ಟುಕೊಂಡಿದ್ದರು. ಮುಖದ ಉದ್ದವೇ ಒಂದು ತಾಲ. ಉಳಿದ ಅಂಗಗಳೆಲ್ಲ ಆ ಲೆಕ್ಕಕ್ಕೆ ಒಳಪಟ್ಟವು. ತುಂಬಿದ ಎದೆ, ಸಣ್ಣ ನಡು: ಕಲ್ಲಿಗೆ ಇದು ಒಪ್ಪಿತು. ಕಲ್ಲಿಗೆ ನೋವಿಲ್ಲ, ಕೀವಿಲ್ಲ, ಕೂಸಿಗೆ ಹಾಲೂಡುವ ಹೊಣೆಯೂ ಇಲ್ಲ. ಇಂಥ ಅಳತೆಯನ್ನು ಶಸ್ತ್ರದ ಬಲದಿಂದ ಜೀವವಿರುವ ಮೈಗೆ ತರಹೊರಟದ್ದು ಸುಮಾರು ನೂರಮೂವತ್ತು ವರ್ಷಗಳ ಈಚಿನ ಕಥೆ.

ಈ ಕಥೆಯನ್ನು ಹೇಳಲು ಕಾರಣವುಂಟು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಹೆಣ್ಣುಮಕ್ಕಳು ಓದು ಮುಗಿಸಿ ನೌಕರಿಗೆಂದು ಬೆಂಗಳೂರು ಸೇರುತ್ತಿದ್ದಾರೆ. ಅವರಲ್ಲೊಬ್ಬಳು, ನನ್ನ ಹಳೆಯ ವಿದ್ಯಾರ್ಥಿನಿ, ದೀಪಾವಳಿಗೆ ಊರಿಗೆ ಬಂದಾಗ ನಮ್ಮ ಮನೆಗೂ ಬಂದಳು. ಚಹಾ ಆರುವವರೆಗೆ ಸುಮ್ಮನೆ ಕುಳಿತಿದ್ದು ಆಮೇಲೆ, “ಮದುವಿಗಿಂತ ಮೊದಲ ಎದಿ ಆಪರೇಶನ್ ಮಾಡಿಸ್ಕೊಬೇಕಂತ ಮಾಡೇನ್ರಿ ಮೇಡಂ. ಅವ್ವಗ ಹೇಳಿಲ್ಲ. ಏನರ ಆಗತೈತೇನ್ರಿ?” ಎಂದಳು. ನಾನು ವೈದ್ಯಳಲ್ಲ, ಕನ್ನಡ ಕಲಿಸುವವಳು. ಹಿಂದೆ ಏನಾಯಿತೆಂಬುದನ್ನು ಓದಿ ಹೇಳಬಲ್ಲೆನಷ್ಟೆ. ಹೇಳಿದ್ದು ಇದು.

1895ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನ ಶಸ್ತ್ರವೈದ್ಯ ವಿನ್ಸೆಂಜ್ ಚೆರ್ನಿ, ಸ್ತನದಲ್ಲಿನ ಗಂಟು ತೆಗೆದ ಗಾಯಕಿಯೊಬ್ಬಳಿಗೆ ಅವಳದೇ ಸೊಂಟದ ಭಾಗದಲ್ಲಿದ್ದ ಕೊಬ್ಬಿನ ಗಡ್ಡೆಯನ್ನು ತಂದು ಆ ಜಾಗದಲ್ಲಿ ತುಂಬಿದನು. ಅಂದರೆ ಈ ವಿದ್ಯೆ ಹುಟ್ಟಿದ್ದು ಬೆಡಗಿಗಾಗಿ ಅಲ್ಲ, ಕಳೆದುಕೊಂಡದ್ದನ್ನು ತುಂಬಿಕೊಡಲೆಂದು. ಕ್ಯಾನ್ಸರಿನಿಂದ ಸ್ತನ ಕಳೆದುಕೊಂಡವರಿಗೆ ಇಂದಿಗೂ ಇದು ದೊಡ್ಡ ಉಪಕಾರವೇ ಸರಿ. ಆದರೆ ಅವಸರದ ದಾರಿಗಳೂ ಬೇಗನೆ ತೆರೆದುಕೊಂಡವು. ವಿಯೆನ್ನಾದ ಗೆರ್ಸುನಿ 1899ರಲ್ಲಿ ಆರಂಭಿಸಿದ ಮೇಣದಂಥ ವಸ್ತುವಿನ ಚುಚ್ಚುಮದ್ದು ಸ್ತನಕ್ಕೂ ಬಂತು. ಗಂಟುಗಳನ್ನೂ ಹುಣ್ಣುಗಳನ್ನೂ ಉಳಿಸಿಹೋಯಿತು. ಎರಡನೆಯ ಮಹಾಯುದ್ಧದ ತರುವಾಯ ದ್ರವ ಸಿಲಿಕೋನನ್ನು ನೇರವಾಗಿ ಚುಚ್ಚಿಸಿಕೊಂಡವರ ಪಾಡೂ ಬೇರೆಯಾಗಲಿಲ್ಲ.

1962ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಕ್ರೋನಿನ್ ಮತ್ತು ಗೆರೋ ಎಂಬ ವೈದ್ಯರು ಸಿಲಿಕೋನ್ ಚೀಲವನ್ನು ಮೊದಲ ಬಾರಿಗೆ ಒಬ್ಬ ಹೆಂಗಸಿನ ಎದೆಯಲ್ಲಿಟ್ಟರು. ಆಕೆ ಟಿಮ್ಮಿ ಜೀನ್ ಲಿಂಡ್ಸೆ. ಆಕೆ ಆಸ್ಪತ್ರೆಗೆ ಹೋದದ್ದು ಎದೆಯ ಮೇಲಿನ ಹಚ್ಚೆ ತೆಗೆಸಲು! ತನಗೆ ಬೇಕಿದ್ದುದು ಮುಂದೆ ಚಾಚಿದ ಕಿವಿಗಳನ್ನು ಸರಿಪಡಿಸುವುದು ಎಂದು ಮುಂದೆ ಹೇಳಿಕೊಂಡಳು. ಕೇಳಿದ್ದು ಒಂದು, ದೊರೆತದ್ದು ಮತ್ತೊಂದು. ಶಸ್ತ್ರಶಾಲೆಯ ಬಾಗಿಲಲ್ಲಿ ನಿಂತ ಪ್ರತಿಯೊಬ್ಬಳೂ ನೆನೆಯಬೇಕಾದ ಮಾತಿದು.

ಆ ಬಳಿಕ ಲಕ್ಷಾಂತರ ಸ್ತ್ರೀಯರು ಆ ಚೀಲವನ್ನು ಇಡಿಸಿಕೊಂಡರು. 1992ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಸಿಲಿಕೋನ್ ಚೀಲಗಳ ಸಾಮಾನ್ಯ ಬಳಕೆಗೆ ತಡೆಯೊಡ್ಡಿ, ಪರೀಕ್ಷೆಗಳಾದ ಮೇಲೆ 2006ರಲ್ಲಿ ಮತ್ತೆ ಒಪ್ಪಿತು. 2010ರಲ್ಲಿ ಫ್ರಾನ್ಸಿನ ಪಿಐಪಿ ಎಂಬ ಕಂಪನಿ, ವೈದ್ಯಕೀಯ ಬಳಕೆಗೆ ಒಪ್ಪಿಗೆಯಿಲ್ಲದ ಕೈಗಾರಿಕೆಯ ಸಿಲಿಕೋನನ್ನು ತುಂಬುತ್ತಿದ್ದುದು ಬಯಲಾಯಿತು. 2019ರಲ್ಲಿ ಒರಟು ಮೈಯ ಒಂದು ಬಗೆಯ ಚೀಲವನ್ನು, ಅಪರೂಪದ ಕ್ಯಾನ್ಸರಿನ ನಂಟಿನಿಂದಾಗಿ, ಲೋಕದೆಲ್ಲೆಡೆಯಿಂದ ಹಿಂದಕ್ಕೆ ಕರೆಸಿಕೊಳ್ಳಲಾಯಿತು. 2021ರಲ್ಲಿ ಅದೇ ಆಡಳಿತವು ಚೀಲಗಳ ಜೊತೆಗಿನ ಮಾಹಿತಿಯಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಅಚ್ಚಾಗಬೇಕೆಂದು ವಿಧಿಸಿತು.

ಈ ಇತಿಹಾಸದಿಂದ ಕಲಿಯಬೇಕಾದುದೇನು? ಮೊದಲನೆಯದು, ಈ ಚೀಲ ಬಾಳಿನುದ್ದಕ್ಕೂ ಬಾಳುವುದಲ್ಲ. ಮತ್ತೊಂದು ಶಸ್ತ್ರಕ್ರಿಯೆ ಬೇಕಾದೀತು, ಅದರ ಖರ್ಚೂ ಬಂದೀತು. ಚೀಲದ ಸುತ್ತ ಮೈ ಕಟ್ಟುವ ಪೊರೆ ಬಿಗಿದು ಎದೆ ಗಟ್ಟಿಯಾಗಿ ನೋಯಬಹುದು. ಸಿಲಿಕೋನ್ ಚೀಲ ಸದ್ದಿಲ್ಲದೆ ಒಡೆಯಬಹುದು. ಆದ್ದರಿಂದಲೇ ಚೀಲ ಇಡಿಸಿಕೊಂಡ ಐದಾರು ವರ್ಷಗಳ ಬಳಿಕ ಮೊದಲ ಬಾರಿ, ಅನಂತರ ಎರಡು ಮೂರು ವರ್ಷಕ್ಕೊಮ್ಮೆ ಎಂಆರ್‌ಐ ಅಥವಾ ಅಲ್ಟ್ರಾಸೌಂಡ್ ಪರೀಕ್ಷೆ ಮಾಡಿಸಬೇಕೆಂದು ಅಮೆರಿಕದ ಆಡಳಿತ ಹೇಳುತ್ತದೆ. ತೊಟ್ಟಿನ ಸ್ಪರ್ಶಜ್ಞಾನ ಕುಂದಬಹುದು, ಮುಂದೆ ಕೂಸಿಗೆ ಹಾಲು ಕಡಿಮೆಯಾಗಬಹುದು. ಬರಿಯ ಅಂದಕ್ಕಾಗಿ ಸಿಲಿಕೋನ್ ಚೀಲ ಇಡಿಸಿಕೊಳ್ಳಲು ಅಲ್ಲಿ 22 ವರ್ಷ ತುಂಬಿರಬೇಕು.

ಇನ್ನು ನಮ್ಮ ನಾಡಿನ ಮಾತು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳುವ ಶಸ್ತ್ರಕ್ರಿಯೆಗೆ ಒಳಗಾದ 21ರ ಹರೆಯದ ಕಿರುತೆರೆ ನಟಿಯೊಬ್ಬಳು ತೀರಿಕೊಂಡಳು. ಅದು ಬೇರೆಯ ಶಸ್ತ್ರಕ್ರಿಯೆ, ನಿಜ. ಆದರೆ ಹೆತ್ತವರಿಗೆ ತಿಳಿಸದೆ ಹೋಗಿದ್ದಳೆಂದು ಪತ್ರಿಕೆಗಳು ಬರೆದುದನ್ನು ನಾನು ಮರೆತಿಲ್ಲ. ವೈದ್ಯರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಪದವಿ ಅಥವಾ ಅದಕ್ಕೆ ಸಮನಾದುದನ್ನು ಪಡೆದವರೇ? ಆಸ್ಪತ್ರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಂತೆ ನೋಂದಣಿಯಾಗಿದೆಯೇ? ಅರಿವಳಿಕೆ ಕೊಡುವವರು ಯಾರು, ತುರ್ತು ಚಿಕಿತ್ಸೆಯ ಏರ್ಪಾಡು ಉಂಟೇ? ಚೀಲದ ಹೆಸರು, ಸಂಖ್ಯೆಗಳಿರುವ ಚೀಟಿಯನ್ನು ಕೈಗೆ ಕೊಡುವರೇ? ಸಮ್ಮತಿಪತ್ರವನ್ನು ಕನ್ನಡದಲ್ಲಿ ತಿಳಿಯಹೇಳುವರೇ? ಹಿರೇಕೆರೂರಿನಲ್ಲಿದ್ದಾಗ ರಾತ್ರಿ ಜ್ವರ ಬಂದು ಎದೆ ಕೆಂಪೇರಿದರೆ ಯಾರಲ್ಲಿಗೆ ಓಡಬೇಕು?

ಇವನ್ನೆಲ್ಲ ಹುಡುಗಿ ಒಂದು ಹಾಳೆಯಲ್ಲಿ ಬರೆದುಕೊಂಡಳು. ಬೇಡವೆಂದು ನಾನು ಹೇಳಲಿಲ್ಲ; ಮೈ ಅವಳದು. ಒಂದು ಪ್ರಶ್ನೆಯನ್ನು ಮಾತ್ರ ನಾನೇ ಸೇರಿಸಿದೆ: ಈ ಅಳತೆ ಯಾರದು, ನಿನ್ನದೋ, ನಿನ್ನನ್ನು ನೋಡಲು ಬರುವವರದೋ? ಅವಳು ಅದನ್ನೂ ಬರೆದುಕೊಂಡಳು. ಉತ್ತರದ ಜಾಗವನ್ನು ಖಾಲಿ ಬಿಟ್ಟು, “ಮೊದಲ ಅವ್ವಗ ಹೇಳತೇನ್ರಿ” ಎಂದು ಎದ್ದಳು.