ಸಂವೇದನೆ, ಕಾಲ ಮತ್ತು ನೈತಿಕ ನಿರ್ಧಾರ: ಇಗತಪುರಿ ಪರಿಸರದ ಮೂರು ನಿದರ್ಶನಗಳು

ಮುಂಬಯಿಯಿಂದ ನಾಸಿಕಕ್ಕೆ ಹೋಗುವ ರೈಲು ಕಸಾರಾ ದಾಟಿ, ಥಳ್ ಘಾಟಿ ಏರಿ ಇಗತಪುರಿ ಸೇರುತ್ತದೆ. 1865ರಲ್ಲಿ ಸಂಚಾರಕ್ಕೆ ತೆರೆದ ಈ ಹಾದಿ 37 ಅಡಿಗೆ ಒಂದಡಿಯಷ್ಟು ಕಡಿದು. ಇಳಿಜಾರಿನಲ್ಲಿ ಬ್ರೇಕು ಹಿಡಿಯದ ಗಾಡಿಗಾಗಿ ಇಲ್ಲಿ ಬೇರೆಯೇ ತಡೆಹಳಿಗಳಿವೆ. ರೈಲ್ವೆಯವರು ಇವನ್ನು ಕ್ಯಾಚ್ ಸೈಡಿಂಗ್ ಎನ್ನುತ್ತಾರೆ. ಪಾಯಿಂಟು ಮೊದಲೇ ತಡೆಹಳಿಯತ್ತ ತಿರುಗಿರುತ್ತದೆ. ಗಾಡಿ ಹತೋಟಿಯಲ್ಲಿದೆ ಎಂಬುದು ಖಾತರಿಯಾದ ಮೇಲಷ್ಟೇ ಮುಖ್ಯ ಹಳಿ ಸಿಗುತ್ತದೆ.

ನೀತಿಶಾಸ್ತ್ರದಲ್ಲಿ ಇಂದು ಅತಿ ಹೆಚ್ಚು ಚರ್ಚೆಯಾಗುವ ಧರ್ಮಸಂಕಟವೂ ಹತೋಟಿ ತಪ್ಪಿದ ಗಾಡಿಯದೇ. ಐವರ ಮೇಲೆ ಹರಿಯಲಿರುವ ಗಾಡಿಯನ್ನು ಒಬ್ಬನಿರುವ ಹಳಿಗೆ ತಿರುಗಿಸಬಹುದೇ ಎಂದು ಫಿಲಿಪ್ಪಾ ಫುಟ್ 1967ರಲ್ಲಿ ಕೇಳಿದರು. ಅದೇ ಐವರನ್ನು ಉಳಿಸಲು ಸೇತುವೆಯ ಮೇಲಿರುವವನನ್ನು ಗಾಡಿಗೆ ಅಡ್ಡವಾಗಿ ತಳ್ಳಬಹುದೇ ಎಂಬ ರೂಪವನ್ನು ಜುಡಿತ್ ಜಾರ್ವಿಸ್ ಥಾಮ್ಸನ್ 1976ರಲ್ಲಿ ಕೊಟ್ಟರು. ಬಹುಪಾಲು ಜನ ಮೊದಲನೆಯದನ್ನು ಒಪ್ಪುತ್ತಾರೆ, ಎರಡನೆಯದಕ್ಕೆ ಹಿಂಜರಿಯುತ್ತಾರೆ. 2001ರಲ್ಲಿ ಜೋಶುವಾ ಗ್ರೀನ್ ಮತ್ತು ಸಂಗಡಿಗರು ಮಿದುಳಿನ ಚಿತ್ರಣದ ನೆರವಿನಿಂದ, ಎರಡನೆಯ ಬಗೆಯ ಪ್ರಶ್ನೆಗಳು ಭಾವನೆಗೆ ಸಂಬಂಧಿಸಿದ ಭಾಗಗಳನ್ನು ಹೆಚ್ಚು ಕೆರಳಿಸುತ್ತವೆ ಎಂದು ತೋರಿಸಿದರು. ಇದರಿಂದ, ಭಾವನೆ ಒಂದು ಕಡೆ, ವಿವೇಚನೆ ಇನ್ನೊಂದು ಕಡೆ ಎಂಬ ಎರಡು ಹಾದಿಯ ಸಿದ್ಧಾಂತ ಬೆಳೆಯಿತು. ಅದಕ್ಕೆ ಒದಗಿಸಿದ ಪ್ರತಿಕ್ರಿಯಾಕಾಲದ ಸಾಕ್ಷ್ಯ ಕೆಲವೇ ಪ್ರಶ್ನೆಗಳ ಮೇಲೆ ನಿಂತಿತ್ತೆಂದು 2009ರ ಮರುವಿಶ್ಲೇಷಣೆಯೊಂದು ಹೇಳಿತು. ಇನ್ನು 2007ರಲ್ಲಿ ಡಮಾಸಿಯೊ ಮೊದಲಾದವರು ಪರೀಕ್ಷಿಸಿದ, ಮುಮ್ಮಿದುಳಿನ ಒಳಭಾಗಕ್ಕೆ ಪೆಟ್ಟಾದ ಆರು ಮಂದಿ, ಒಬ್ಬನನ್ನು ಬಲಿಕೊಟ್ಟು ಹಲವರನ್ನು ಉಳಿಸುವುದನ್ನು ಉಳಿದವರಿಗಿಂತ ಹೆಚ್ಚಾಗಿ ಒಪ್ಪಿದರು. ಭಾವನೆ ಕುಂದಿದಾಗ ಲೆಕ್ಕವಷ್ಟೇ ಉಳಿಯುತ್ತದೆ. ಅದನ್ನು ವಿವೇಕದ ಗೆಲುವೆಂದು ಕರೆಯಲು ನನಗೆ ಮನಸ್ಸು ಬಾರದು.

ಈ ಪ್ರಯೋಗಗಳೆಲ್ಲ ಕೆಲವು ಕ್ಷಣಗಳ ಉತ್ತರವನ್ನು ಅಳೆಯುತ್ತವೆ. ಘಾಟಿಯ ಎಂಜಿನಿಯರು ಮಾಡಿದ್ದು ಬೇರೆ. ಗಾಬರಿಯ ಗಳಿಗೆಯಲ್ಲಿ ಯಾರೂ ಒಬ್ಬನೋ ಐವರೋ ಎಂದು ಎಣಿಸಬೇಕಾಗದಂತೆ ಆತ ತೀರ್ಮಾನವನ್ನು ಮೊದಲೇ ಮಾಡಿಟ್ಟ.

ಅದೇ ಇಗತಪುರಿಯಲ್ಲಿ ಧಮ್ಮಗಿರಿ ಇದೆ. ಬರ್ಮಾದ ಸಯಾಜಿ ಊ ಬಾ ಖಿನ್ ಅವರಲ್ಲಿ ಕಲಿತು 1969ರಲ್ಲಿ ಭಾರತಕ್ಕೆ ಬಂದ ಸತ್ಯನಾರಾಯಣ ಗೋಯಂಕಾ ಅವರು ಕಟ್ಟಿದ ಈ ಕೇಂದ್ರದಲ್ಲಿ 1976ರಿಂದ ವಿಪಶ್ಯನ ಶಿಬಿರಗಳು ನಡೆಯುತ್ತಿವೆ. ಹತ್ತು ದಿನದ ಮೌನದಲ್ಲಿ ಸಾಧಕರು ಮೊದಲು ಉಸಿರನ್ನು, ಆಮೇಲೆ ಮೈಯ ಸಂವೇದನೆಗಳನ್ನು ಗಮನಿಸುತ್ತಾರೆ. ಒಂದರಿಂದ ಇನ್ನೊಂದು ಹುಟ್ಟುತ್ತದೆಂಬ ಬೌದ್ಧ ಪ್ರತೀತ್ಯಸಮುತ್ಪಾದದ ಸರಪಳಿಯಲ್ಲಿ ಸ್ಪರ್ಶದಿಂದ ವೇದನೆ, ವೇದನೆಯಿಂದ ತೃಷ್ಣೆ. ವೇದನೆಯನ್ನು ಅದುಮಬೇಕಾಗಿಲ್ಲ, ಹಿಂಬಾಲಿಸಲೂಬೇಕಿಲ್ಲ. ಸಮತೆಯಿಂದ ನೋಡಿದರೆ ಅಲ್ಲಿಗೇ ಕೊಂಡಿ ಸಡಿಲವಾಗುತ್ತದೆ ಎಂಬುದು ಇಲ್ಲಿನ ಬೋಧನೆ. ನಿರ್ಧಾರದ ದೃಷ್ಟಿಯಿಂದ ನೋಡಿದರೆ, ಅನಿಸಿಕೆಗೂ ಕೃತ್ಯಕ್ಕೂ ನಡುವೆ ಬಿಡುವು ಮಾಡುವ ತರಬೇತಿ ಇದು.

ಈ ಬಿಡುವಿನ ಫಲವೇನು? 2011ರಲ್ಲಿ ಉಲ್ರಿಕ್ ಕಿರ್ಕ್ ಮತ್ತು ಸಂಗಡಿಗರು ಬೌದ್ಧ ಧ್ಯಾನಿಗಳಿಗೆ, ಕೊಟ್ಟ ಪಾಲನ್ನು ನಿರಾಕರಿಸಿದರೆ ಇಬ್ಬರಿಗೂ ಏನೂ ಸಿಗದಂಥ, ಹಣ ಹಂಚಿಕೊಳ್ಳುವ ಆಟ ಆಡಿಸಿದರು. ಎದುರಾಳಿ ಅನ್ಯಾಯದ ಪಾಲು ಮುಂದಿಟ್ಟಾಗ ಧ್ಯಾನಿಗಳು ಅರ್ಧಕ್ಕಿಂತ ಹೆಚ್ಚು ಸಲ ಅದನ್ನು ಒಪ್ಪಿದರೆ, ಧ್ಯಾನ ಮಾಡದವರು ಕಾಲು ಭಾಗದಷ್ಟು ಸಲ ಮಾತ್ರ ಒಪ್ಪಿದರು. ಸಿಟ್ಟಿಗೆ ಏನೂ ಇಲ್ಲದಂತಾಗುವುದಕ್ಕಿಂತ ಸಿಕ್ಕಷ್ಟು ಲಾಭ ಎಂಬ ಕಾರಣಕ್ಕೆ ಅರ್ಥಶಾಸ್ತ್ರ ಇದನ್ನು ವೈಚಾರಿಕ ಎನ್ನುತ್ತದೆ. ಆದರೆ ಆಟದಲ್ಲಿ ಸರಿಯಾದದ್ದು ಸಮಾಜದಲ್ಲೂ ಸರಿಯೇ? ಸಿಕ್ಕಷ್ಟಕ್ಕೆ ತೃಪ್ತರಾಗಿ ಎಂದು ದಲಿತರಿಗೆ ಶತಮಾನಗಳ ಕಾಲ ಹೇಳುತ್ತ ಬಂದ ನಾಡು ಇದು.

ಈ ಪ್ರಶ್ನೆಗೆ ಉತ್ತರ, ಇಗತಪುರಿ ಸೇರಿರುವ ನಾಸಿಕ ಜಿಲ್ಲೆಯಲ್ಲೇ ಇದೆ. 1930ರ ಮಾರ್ಚ್ 2ರಂದು ನಾಸಿಕದಲ್ಲಿ ಡಾ. ಅಂಬೇಡ್ಕರ್ ಮುಂದಾಳತ್ವದಲ್ಲಿ ದಲಿತರ ಕಾಳಾರಾಮ ಮಂದಿರ ಪ್ರವೇಶ ಸತ್ಯಾಗ್ರಹ ಆರಂಭವಾಯಿತು. ವರ್ಷಗಳು ಕಳೆದರೂ ಬಾಗಿಲು ತೆರೆಯಲಿಲ್ಲ. 1935ರ ಅಕ್ಟೋಬರ್ 13ರಂದು ಯೇವಲಾದಲ್ಲಿ ಡಾ. ಅಂಬೇಡ್ಕರ್, ಹಿಂದೂವಾಗಿ ಹುಟ್ಟಿದರೂ ಹಿಂದೂವಾಗಿ ಸಾಯಲಾರೆ ಎಂದು ಸಾರಿದರು. ಆ ಘೋಷಣೆಯ ಹಿಂದೆ ಅವಮಾನದ ನೋವಿತ್ತು, ಇರಲೇಬೇಕಿತ್ತು. ಆ ನೋವು ಇಲ್ಲದಿದ್ದರೆ ಅನ್ಯಾಯ ಅನ್ಯಾಯವೆಂದು ಕಾಣುತ್ತಲೇ ಇರಲಿಲ್ಲ. ಆದರೆ ಅವರು ಮರುದಿನವೇ ಮತ ಬದಲಿಸಲಿಲ್ಲ. ಮತಾಂತರದ ಅಗತ್ಯವನ್ನು 1936ರಲ್ಲಿ ಮುಂಬಯಿಯಲ್ಲಿ ತಮ್ಮ ಜನರ ಮುಂದೆ ತರ್ಕಬದ್ಧವಾಗಿ ವಾದಿಸಿದರು, ಸಿಖ್ ಧರ್ಮವನ್ನು ಪರಿಶೀಲಿಸಿದರು, ಬೌದ್ಧ ಧರ್ಮವನ್ನು ಆಳವಾಗಿ ಓದಿದರು. ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು, ನಾಗಪುರದಲ್ಲಿ, 21 ವರ್ಷಗಳ ನಂತರ.

ಎರಡು ಹಾದಿಯ ಸಿದ್ಧಾಂತದಲ್ಲಿ ಈ 21 ವರ್ಷಗಳಿಗೆ ಜಾಗವಿಲ್ಲ. ಯೇವಲಾದ ಸಿಟ್ಟು ಕೊನೆಯವರೆಗೂ ಆರಲಿಲ್ಲ. ವಿಚಾರ ಅದನ್ನು ಅಳಿಸಲಿಲ್ಲ, ಅದಕ್ಕೆ ದಿಕ್ಕು ತೋರಿತು. ಧಮ್ಮಗಿರಿಯ ಸಮತೆಯನ್ನು ಅನ್ಯಾಯ ಸಹಿಸುವ ಪಾಠವೆಂದು ಓದುವವರೂ, ಎಲ್ಲ ಆಕ್ರೋಶವನ್ನು ಅವಿವೇಕವೆಂದು ತಳ್ಳಿಹಾಕುವವರೂ ಯೇವಲಾದ ಮುಂದೆ ನಿಲ್ಲಲಾರರು. ನೈತಿಕ ನಿರ್ಧಾರವನ್ನು ಅಧ್ಯಯನ ಮಾಡುವ ನಮ್ಮ ವಿಶ್ವವಿದ್ಯಾಲಯಗಳ ಮನಃಶಾಸ್ತ್ರ ಮತ್ತು ತತ್ತ್ವಶಾಸ್ತ್ರ ವಿಭಾಗಗಳು ಎರವಲು ತಂದ ಪ್ರಶ್ನಾವಳಿಗಳ ಜೊತೆಗೆ, ಹೀಗೆ ವರ್ಷಗಟ್ಟಲೆ ಮಾಗಿದ ನಿರ್ಧಾರಗಳನ್ನೂ ಸಂಶೋಧನೆಯ ವಸ್ತುವಾಗಿ ಕೈಗೆತ್ತಿಕೊಳ್ಳಬೇಕು.